ಹಿಟ್ಟು ಬಿಡುವ ಕಲ್ಲು

ಹೊಸ್ತಿಲು ದಾಟಿ ಅಂಗಳಕ್ಕೆ ಬರಿಗಾಲನ್ನು ಇಳಿಸಿದ ಕೂಡಲೇ ವೀರೇಶನಿಗೆ ತನ್ನ ತೂಕದಲ್ಲಿ ಏನೋ ಕಡಿತವಾದಂತೆ ಅನಿಸಿತು. ಇದು ಇವತ್ತಿನ ಅನುಭವವಲ್ಲ. ಬಿಳಿ ಕಲ್ಲು ಹಾಸಿ ಮುಗಿದಂದಿನಿಂದ ಪ್ರತಿ ಬೆಳಿಗ್ಗೆ ಹೀಗೆಯೇ ಆಗುತ್ತಿತ್ತು. ಪೂಜೆ ಮುಗಿಸಿ ಕತ್ತಲು ಕೋಣೆಯಿಂದ ಹೊರಬರುವಷ್ಟರಲ್ಲಿ ಬಿಸಿಲು ಮೂಡಲ ಗೋಡೆಯನ್ನು ಹತ್ತಿಳಿದು ಅಂಗಳವನ್ನು ತುಂಬಿಕೊಂಡಿರುತ್ತಿತ್ತು. ಕಾಲ ಕೆಳಗಿರುವುದು ನೆಲವೋ ಬೆಳಕೋ ಎಂಬುದು ಒಂದು ಗಳಿಗೆ ನಿರ್ಧಾರವಾಗದೆ, ತಲೆ ಹಗುರಾಗಿ, ಕಣ್ಣು ತಾವಾಗಿಯೇ ಕಿರಿದಾಗಿ, ತುಟಿಯ ಎರಡು ತುದಿಗಳೂ ಅವನ ಅಪ್ಪಣೆಯಿಲ್ಲದೆ ಮೇಲಕ್ಕೆ ಹೋಗುತ್ತಿದ್ದವು. ಅರವತ್ತು ದಾಟಿದ ಮನುಷ್ಯ ಒಬ್ಬನೇ ನಿಂತು ನಗುವುದು ಸರಿಯಲ್ಲವೆಂದು ಅವನು ಆ ತುದಿಗಳನ್ನು ಕೆಳಗೆ ಎಳೆದುಕೊಳ್ಳುತ್ತಿದ್ದ. ಕಾರಣ ತಿಳಿಯದ ಸಂತೋಷವೆಂದರೆ ಅವನ ಪಾಲಿಗೆ ರೀತಿ ಬರೆಯದೆ ಉತ್ತರ ಮಾತ್ರ ಬರೆದ ಲೆಕ್ಕ. ಉತ್ತರ ಸರಿಯಿದ್ದರೂ ಅದಕ್ಕೆ ಅಂಕ ಕೊಡಬಾರದು.

ಇಳಕಲ್ಲಿನಲ್ಲಿ ಯಾರೂ ಬಿಳಿ ಕಲ್ಲು ಹಾಸುವುದಿಲ್ಲ. ಊರ ಹೊರಗೆ ಕೊರೆದಲ್ಲೆಲ್ಲ ಕೆಂಪು ಕಲ್ಲು ಸಿಗುವಾಗ ಬೇರೆ ಬಣ್ಣವನ್ನು ಹುಡುಕುವವನಿಗೆ ತಲೆ ನೆಟ್ಟಗಿಲ್ಲವೆಂದೇ ಅರ್ಥ. ಆದರೆ ವೀರೇಶನಿಗೆ ಕೆಂಪು ಸಾಕಾಗಿತ್ತು. ಹುಟ್ಟಿದಾಗಿನಿಂದ ಅವನು ಕಂಡದ್ದು ಕೆಂಪು ಸೆರಗು, ಕೆಂಪು ನೂಲು, ನೂಲು ಅದ್ದಿ ತೆಗೆದ ಬಣ್ಣದ ನೀರು ಹರಿದು ಹರಿದು ಕೆಂಪಾದ ನೆಲ. ತಂದೆಯ ಕಾಲದಲ್ಲಿ ಇದೇ ಅಂಗಳದ ಉದ್ದಕ್ಕೂ ಮಗ್ಗದ ಹಾಸುನೂಲು ಬಿಗಿದು, ಗಂಜಿ ಹಚ್ಚಿ, ಒಣಗಿಸುತ್ತಿದ್ದರು. ಆ ನೂಲಿನ ಕೆಳಗೆ ಬಗ್ಗಿ ಓಡುವುದೇ ಅವನ ಬಾಲ್ಯದ ಆಟವಾಗಿತ್ತು. ಮಗ್ಗಗಳನ್ನು ಕೊಟ್ಟುಬಿಟ್ಟ ಮೇಲೆ ಅಂಗಳ ಉದ್ದೇಶವಿಲ್ಲದ ಉದ್ದವಾಗಿ ಉಳಿಯಿತು. ಆ ಉದ್ದವನ್ನು ಬೆಳ್ಳಗೆ ಮಾಡಬೇಕೆಂಬುದು ಅವನಿಗೆ ಹೊಳೆದದ್ದು ಹೇಗೆಂದು ಅವನೇ ಹೇಳಲಾರ. ಹೊಳೆದ ಮೇಲೆ ಮಾತ್ರ ಕೆಲಸ ಕ್ರಮವಾಗಿ ನಡೆಯಿತು. ಬಾದಾಮಿಯ ಕಡೆಯ ಹಳದಿ ಮರಳುಗಲ್ಲು, ಹೊಳಪು ಕೊಟ್ಟ ಬಿಳಿ ಗ್ರಾನೈಟು, ಬಾಗಲಕೋಟೆಯ ಕಡೆಯ ಕೆನೆಬಣ್ಣದ ಸುಣ್ಣಗಲ್ಲು, ಹೀಗೆ ತರತರದ ತುಂಡುಗಳನ್ನು ತಂದು ಮಾಳಿಗೆಯ ಮೇಲೆ ಸಾಲಾಗಿ ಇಟ್ಟ. ಪ್ರತಿಯೊಂದರ ಮೂಲೆಮೂಲೆಗೆ ಎಣ್ಣೆ, ಅರಿಷಿಣ, ಕುಂಕುಮದ ನೀರು, ಚಹಾ, ದಾಳಿಂಬೆಯ ರಸ. ಎಲೆ ಅಡಿಕೆಯ ಪರೀಕ್ಷೆಗೆ ತಾನೇ ಮೆದ್ದು, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಪ್ರತಿ ತುಂಡಿನ ಮೇಲೂ ಸಮಪ್ರಮಾಣದಲ್ಲಿ ಉಗುಳಿದ. ಮರಳುಗಲ್ಲು ಎಣ್ಣೆಯನ್ನು ಕುಡಿದು ಕುಳಿತಿತು. ಗ್ರಾನೈಟು ಏನನ್ನೂ ಕುಡಿಯಲಿಲ್ಲ, ಆದರೆ ನೀರು ಬಿದ್ದರೆ ಮನುಷ್ಯನನ್ನೂ ನಿಲ್ಲಗೊಡಲಿಲ್ಲ. ಸುಣ್ಣಗಲ್ಲಿಗೆ ಹುಳಿ ಆಗದು, ಎಣ್ಣೆಯೂ ಅಷ್ಟಕ್ಕಷ್ಟೆ. ಆದರೂ ಮುಂಜಾನೆಯ ಬಿಸಿಲಿನಲ್ಲಿ ಅದರ ಬಿಳುಪು ಆಗತಾನೆ ಒಗೆದ ಹತ್ತಿಯ ಬಟ್ಟೆಯಂತೆ ಮೆತ್ತಗಿತ್ತು. ಅದನ್ನೇ ಆರಿಸಿದ. ರತ್ನಾಬಾಯಿಯನ್ನು ಕೇಳಲಿಲ್ಲ. ಕೇಳಬಾರದೆಂದಲ್ಲ, ಇಷ್ಟು ಪರೀಕ್ಷೆಗಳ ನಂತರ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಹಾಸಿ ಮುಗಿದ ದಿನ ಅವನು ಹೆಂಡತಿಯನ್ನು ಬಾಗಿಲಿಗೆ ಕರೆದು ತೋರಿಸಿದ್ದ. ನೀರು ನಿಲ್ಲದಂತೆ, ಹರಿಯುವುದು ಕಣ್ಣಿಗೆ ಕಾಣದಂತೆ, ಗಟಾರದ ಕಡೆಗೆ ತಾನೇ ಲೆಕ್ಕ ಹಾಕಿ ಕೊಡಿಸಿದ ಇಳಿಜಾರನ್ನು ವಿವರಿಸಿದ್ದ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಬೆಳ್ಳಗೈತಿ" ಎಂದಿದ್ದಳು. ಅಷ್ಟೇ. ವೀರೇಶ ಉಳಿದದ್ದಕ್ಕಾಗಿ ಕಾದ, ಉಳಿದದ್ದು ಬರಲಿಲ್ಲ. ಆಗ ಅವನು ಕಲ್ಲಿನ ಆರೈಕೆಯ ನಿಯಮಗಳನ್ನು ಹೇಳಿದ: ಚಪ್ಪಲಿ ಹಾಕಿ ತುಳಿಯಬಾರದು, ಸೆಗಣಿ ನೀರಿನ ಥಳಿ ಹೊಡೆಯಬಾರದು, ಬಣ್ಣ ಚೆಲ್ಲಬಾರದು, ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕಬಾರದು.

"ನೀರ?" ಎಂದು ಅವಳು ಕೇಳಿದ್ದಳು.

"ನೀರ ನಡೀತೈತಿ. ನೀರ ತಡಿಯೂ ಸೀಲರ್ ಹಚ್ಚೂ ಮಟ ಒಂದೀಟ ಕುಡೀತೈತಿ, ತೊಯ್ದಾಗ ಕಪ್ಪ ಆಕ್ಕೈತಿ. ಹಚ್ಚಿದ ಮ್ಯಾಲ ಅದೂ ಇಲ್ಲ. ಕೊಡಗಟ್ಲೆ ಸುರುವಿದ್ರೂ ತಾವರಿ ಎಲಿ ಹಂಗ. ಬಣ್ಣಾನ ತಿರಗೂದಿಲ್ಲ."

"ತಿರಗೂದ ಇಲ್ಲ?"

"ಜನ್ಮದಾಗ ತಿರಗೂದಿಲ್ಲ," ಎಂದು ಅವನು ಹೆಮ್ಮೆಯಿಂದ ಹೇಳಿದ್ದ. ಅವಳು ತಲೆಯಾಡಿಸಿ ಒಳಗೆ ಹೋಗಿದ್ದಳು.

ಮಾರನೆಯ ದಿನದಿಂದ ಬಾಗಿಲ ಮುಂದೆ ರಂಗೋಲಿ ನಿಂತುಹೋಯಿತು. ವೀರೇಶ ಅದನ್ನು ಗಮನಿಸಿದ, ಗಮನಿಸಿದ್ದಕ್ಕೆ ತಾನೇ ಆಶ್ಚರ್ಯಪಟ್ಟ. ಮದುವೆಯಾದಂದಿನಿಂದ ಹೊಸ್ತಿಲ ಮುಂದೆ ದಿನವೂ ಬೀಳುತ್ತಿದ್ದ ಅದನ್ನು ಅವನು ಎಂದೂ ನಿಂತು ನೋಡಿದವನಲ್ಲ. ಬಾಗಿಲು ಇರುವ ಹಾಗೆ ಅದೂ ಇತ್ತು. ಈಗ ಇಲ್ಲವಾಗಿ ಅದು ಒಂದು ತೀರ್ಪಿನಂತೆ ಅವನೆದುರು ನಿಂತಿತು. ಓಣಿಯಲ್ಲಿ ರತ್ನಾಬಾಯಿಯ ಕೈಗೆ ಹೆಸರಿತ್ತು. ಸೀರೆಯ ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸುವ ಕೆಲಸದಲ್ಲಿ ಪಳಗಿದ ಆ ಬೆರಳುಗಳು ಬಿಟ್ಟ ಗೆರೆ ನೂಲಿನಷ್ಟೇ ಸಮವಾಗಿರುತ್ತದೆಂದು ಹೆಂಗಸರು ಹೇಳುವುದನ್ನು ಅವನು ಕೇಳಿದ್ದ. ಅಂಥವಳು ಹಾಕುವುದನ್ನು ಬಿಟ್ಟಳೆಂದರೆ ಅಂಗಳ ಅವಳಿಗೆ ಒಪ್ಪಿಗೆಯಾಗಿಲ್ಲ. ಎದುರು ಮನೆಯ ದಸ್ತಗೀರಬಿ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಬಂದು, ದವಾಖಾನೆಯವರು ಕೊಟ್ಟ ಕಪ್ಪು ಚಷ್ಮಾದಲ್ಲಿ ಕಟ್ಟೆಯ ಮೇಲೆ ಕೂತು, "ಅಣ್ಣಾ, ನಿಮ್ಮ ಅಂಗಳ ನೋಡಾಕಂತನ ಡಾಕ್ಟರ ಈ ಚಷ್ಮಾ ಕೊಟ್ಟಾರ ನೋಡು. ಖರೆ ಹೇಳು, ಏನ್ ಹಾಲ ಸುರುವೀಯೋ ಏನ್ ಕಥಿ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಾಗ ಅವನಿಗೆ ಹಿತವಾಗಿತ್ತು. ಆದರೆ ಹೊಗಳಿಕೆಗಳನ್ನೆಲ್ಲ ಕೂಡಿಸಿದರೂ "ಬೆಳ್ಳಗೈತಿ" ಎಂಬ ಒಂದು ಮಾತಿನ ಬಾಕಿ ತೀರುತ್ತಿರಲಿಲ್ಲ.

ಅದರ ಮೇಲೆ ಈ ಹಿಟ್ಟು. ಮೆತ್ತನೆಯ ಕಸಬರಿಗೆ ಹಿಡಿದು ಅಂಗಳ ಗುಡಿಸುವುದನ್ನು ಅವನು ಬೇರೆಯವರಿಗೆ ಬಿಟ್ಟಿರಲಿಲ್ಲ. ಗುಡಿಸಿದಾಗಲೆಲ್ಲ ನಡು ಅಂಗಳದ ಕಲ್ಲುಗಳಿಂದ ನುಣ್ಣನೆಯ ಬಿಳಿ ಪುಡಿ ಬರುತ್ತಿತ್ತು. ಮೊದಲು ಹೊಸ ಕಲ್ಲಿನ ಧೂಳೆಂದುಕೊಂಡ. ದಿನ ಕಳೆದಂತೆ ಕಡಿಮೆಯಾಗಬೇಕಾದದ್ದು ಕಡಿಮೆಯಾಗಲಿಲ್ಲ, ದಿನವೂ ಅಷ್ಟಷ್ಟೇ. ಪುಡಿಯಲ್ಲಿ ಅಲ್ಲಲ್ಲಿ ಹಳದಿ ಕಣ, ಅಪರೂಪಕ್ಕೆ ಕೆಂಪು ಕಣ. ಕಲ್ಲಿನೊಳಗೆ ಕಬ್ಬಿಣದ ಅಂಶವಿದ್ದರೆ ಹೀಗಾಗುವುದೆಂದು ಅವನು ಓದಿದ್ದ. ಅಂದರೆ ಕಲ್ಲು ಒಳಗಿನಿಂದ ಸವೆಯುತ್ತಿದೆ. ಕಲ್ಲು ಹಾಸಿದ ಗೌಂಡಿ ಜಲಾಲುದ್ದೀನ ಮೊದಲೇ ಎಚ್ಚರಿಸಿದ್ದ: "ಹಿಟ್ಟ ಬಿಡೂ ಕಲ್ಲಿಗೆ ಸೀಲರ್ ನಿಂದ್ರೂದಿಲ್ರಿ ಸಾವಕಾರ್ರ, ಹಾಲಿನ ಕೆನಿ ಎದ್ದಂಗ ಏಳತೈತಿ. ಮೊದಲ ಅದರದೊಂದ ನಿಕಾಲಿ ಮಾಡ್ರಿ." ಅವನು ಇವತ್ತು ಮಧ್ಯಾಹ್ನದ ಮೇಲೆ ಸೀಲರಿನ ಡಬ್ಬಿ, ಕುಂಚ ತೆಗೆದುಕೊಂಡು ಬರುವವನಿದ್ದ. ಅಷ್ಟರಲ್ಲಿ ಕಲ್ಲು ಕೊಟ್ಟ ಕಾಳಪ್ಪನಿಗೆ ಪುಡಿಯನ್ನು ತೋರಿಸಿ ಬರಬೇಕು. ಒಳ್ಳೆಯ ಕಲ್ಲೆಂದು ಅವನು ತೋರಿಸಿಕೊಟ್ಟರೆ ಅಂಗಳ ಉಳಿಯಿತು. ಇಲ್ಲವಾದರೆ ಕಿತ್ತು ಹಾಕಬೇಕು, ಓಣಿಯ ಮುಂದೆ, ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುವ ರತ್ನಾಬಾಯಿಯ ಮುಂದೆ.

ಅವನು ಬಗ್ಗಿ ಗುಡಿಸಿದ. ಪುಡಿಯನ್ನು ಹಳೆಯ ಪತ್ರಿಕೆಯ ತುಂಡಿನಲ್ಲಿ ಪೊಟ್ಟಣ ಕಟ್ಟಿ ಪ್ಯಾಂಟಿನ ಕಿಸೆಗೆ ಇಟ್ಟ. ಅಡುಗೆಮನೆಯ ಕಿಟಕಿಯಲ್ಲಿ ಬಳೆಗಳ ಸದ್ದಾಯಿತು, ಅವಳು ನೋಡುತ್ತಿದ್ದಳು.

"ಇವತ್ತೂ ಹಿಟ್ಟ ಬಿಟ್ಟೈತಿ ನೋಡು," ಎಂದ.

"ದಿನಾ ಬಿಡತೈತಿ," ಎಂದಳು ಕಿಟಕಿಯ ಒಳಗಿನಿಂದ.

"ನಿನಗ ಕಾಳಜಿ ಇಲ್ಲೇನು?"

"ನಂಗ್ಯಾಕಿಲ್ಲ? ಚಹಾ ಆರಾಕತ್ತೈತಿ, ಬರ್ರಿ."

ಆ ಧ್ವನಿಯಲ್ಲಿ ನಗೆಯ ಅಂಚು ಇದ್ದಂತೆ ಅನಿಸಿ, ತನ್ನ ಸಂಕಟ ಅವಳಿಗೆ ವಿನೋದವೆಂದು ತಿಳಿದು, ಅವನು ಚಹಾವನ್ನು ನಿಂತೇ ಕುಡಿದು ಬಸ್ ಸ್ಟ್ಯಾಂಡಿಗೆ ನಡೆದ.

ಬಾಗಲಕೋಟೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹುನಗುಂದ ದಾಟಿದ ಮೇಲೆ ಎರಡೂ ಬದಿಯ ಕಪ್ಪು ಹೊಲಗಳು ತಿರುಗತೊಡಗಿದವು. ಮುಂಜಾನೆಯಿಂದ ಬಿಳುಪನ್ನು ನೋಡಿ ಬಂದ ಕಣ್ಣಿಗೆ ಕಪ್ಪೂ ಸಹ ಹೊಳೆಯುತ್ತ, ಹೊಲಗಳ ಮೇಲೆ ಅಂಗಳದ ಚೌಕಗಳು ತೇಲುತ್ತ ಓಡಿದವು. ತಲೆ ತಿರುಗುವುದು ವಯಸ್ಸಿನಿಂದಲೋ ಸಂತೋಷದಿಂದಲೋ ಎಂದು ಅವನು ವಿಚಾರ ಮಾಡಿದ. ಸಂತೋಷವಾಗಿರಲು ಸಾಧ್ಯವಿಲ್ಲ, ಏಕೆಂದರೆ ಅವನು ಜಗಳಕ್ಕೆ ಹೊರಟಿದ್ದ. ಅಮೀನಗಡದಲ್ಲಿ ಕರದಂಟಿನ ಪೆಟ್ಟಿಗೆಗಳನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತ ಹೆಂಗಸು ಸ್ವಲ್ಪ ಹೊತ್ತು ಅವನ ತೊಡೆಯನ್ನೇ ನೋಡಿ, ಮತ್ತೆ ಸ್ವಲ್ಪ ಸರಿದು ಕೂತು, ಕೊನೆಗೆ ತಡೆಯಲಾರದೆ ಕೇಳಿದಳು:

"ಯಪ್ಪಾ, ನಿಮ್ಮ ಕಿಸೇದಾಗಿಂದ ಏನೋ ಸೋರಾಕತ್ತೈತಿ ನೋಡ್ರಿ. ಇರುವಿ ಪುಡಿ ಅಲ್ಲಲ್ಲ? ನಾ ತಿನ್ನೂದು ಒಯ್ಯಾಕತ್ತೇನಿ."

ಅವನು ನೋಡಿಕೊಂಡ. ಪೊಟ್ಟಣದ ಮೂಲೆ ಬಿಚ್ಚಿಕೊಂಡಿತ್ತು. ಕಪ್ಪು ಪ್ಯಾಂಟಿನ ಮೇಲೆ ಬಸ್ಸಿನ ಕುಲುಕಾಟಕ್ಕೆ ಪುಡಿ ಸಣ್ಣಗೆ ಸೋರಿ, ತೊಡೆಯಿಂದ ಮೊಣಕಾಲಿನವರೆಗೆ ಒಂದು ಗೆರೆ ಬಿದ್ದಿತ್ತು. ಬೆಳ್ಳನೆಯ, ಸಮವಾದ, ಬಳುಕಿದ ಗೆರೆ. ಎಷ್ಟು ಚಂದ ಎಂದು ಒಂದು ಕ್ಷಣ ಅನಿಸಿತು. "ಕಲ್ಲಿನ ಪುಡಿ," ಎಂದು ಗಂಭೀರವಾಗಿ ಹೇಳಿ ಜಾಡಿಸಿಕೊಂಡ. ಹೆಂಗಸು ಪೆಟ್ಟಿಗೆಗಳನ್ನು ಆಚೆಯ ತೊಡೆಗೆ ಸರಿಸಿದಳು.

ಕಾಳಪ್ಪನ ಕಲ್ಲಿನ ಅಡ್ಡೆ ಬಾಗಲಕೋಟೆಯ ಹೊರಗೆ ರಸ್ತೆಗೆ ಅಂಟಿಕೊಂಡೇ ಇತ್ತು. ನಿಲ್ಲಿಸಿದ ಕಲ್ಲುಗಳ ಸಾಲುಗಳ ನಡುವೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅವನು ದಪ್ಪ ಮನುಷ್ಯ. ನಕ್ಕರೆ ಕುರ್ಚಿಯೂ ನಗುತ್ತಿತ್ತು. ಆಳುಗಳು ಲಾರಿಗೆ ಕಲ್ಲು ಏರಿಸುತ್ತಿದ್ದರು.

"ಬರ್ರಿ ಸಾವಕಾರ್ರ! ಅಂಗಳ ಏನಂತೈತಿ?"

"ನಿಮ್ಮ ಕಲ್ಲು ಹಿಟ್ಟ ಬಿಡಾಕತ್ತೈತಿ ಕಾಳಪ್ಪ."

"ಹಿಟ್ಟ? ಯಾ ಹಿಟ್ಟ್ರಿ, ಜ್ವಾಳದ್ದೋ ಗೋದಿದೋ?"

ಲಾರಿಯ ಮೇಲಿನವರು ನಕ್ಕರು. ವೀರೇಶ ನಗಲಿಲ್ಲ. ಅವನು ಇಂಥ ಸಂದರ್ಭಕ್ಕಾಗಿ ವಾಕ್ಯಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಪುಡಿ ದಿನವೂ ಒಂದೇ ಪ್ರಮಾಣದಲ್ಲಿ ಬರುತ್ತಿದೆ, ಅಂದರೆ ಅದು ಮೇಲಿನ ಧೂಳಲ್ಲ, ಒಳಗಿನ ಸವೆತ. ನಡು ಅಂಗಳದಲ್ಲಿ ಹೆಚ್ಚು, ಗೋಡೆಯ ಬದಿಗೆ ಇಲ್ಲವೇ ಇಲ್ಲ, ಅಂದರೆ ಒಂದೇ ಪದರದಿಂದ ಬಂದ ಕಲ್ಲುಗಳು ಕೆಟ್ಟಿವೆ. ಹಳದಿ, ಕೆಂಪು ಕಣಗಳಿವೆ, ಅಂದರೆ ಕಬ್ಬಿಣ. ಒಂದೊಂದು "ಅಂದರೆ"ಗೂ ಬಲಗೈಯ ಬೆರಳನ್ನು ಎಡ ಅಂಗೈಗೆ ಬಡಿದು, ಕೊನೆಯಲ್ಲಿ ಪೊಟ್ಟಣವನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟ. ತನ್ನ ಮಾತಿನ ಕಟ್ಟಡ ಅವನಿಗೇ ಮೆಚ್ಚುಗೆಯಾಯಿತು.

ಕಾಳಪ್ಪ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದ. ಮತ್ತೊಮ್ಮೆ ತಿಕ್ಕಿದ. ವೀರೇಶನ ಮುಖವನ್ನು ನೋಡಿದ. ಆ ನೋಟದಲ್ಲಿ ಜಗಳವಿರಲಿಲ್ಲ, ರೋಗಿಯನ್ನು ನೋಡುವ ಕನಿಕರದಂಥದೇನೋ ಇತ್ತು.

"ಕುಂಡ್ರ್ರಿ ಮೊದಲ. ನೀರ ಕುಡೀರಿ. ಮನ್ಯಾಗ ಯಾರ್ಯಾರ ಇರ್ತೀರ್ರಿ?"

"ನಾನೂ ನಮ್ಮ ಮನಿಯವ್ರೂ."

"ಅವರ ಹೆಸರ?"

"ರತ್ನಾಬಾಯಿ. ಅದಕ್ಕೂ ಕಲ್ಲಿಗೂ ಏನ್ ಸಂಬಂಧ?"

"ಐತ್ರಿ," ಎಂದ ಕಾಳಪ್ಪ. ಅವನ ಹೊಟ್ಟೆ ಆಗಲೇ ಕುಣಿಯತೊಡಗಿತ್ತು. "ಈ ಹಿಟ್ಟ ನನ್ನ ಕಲ್ಲಿಂದಲ್ರಿ, ರತ್ನಾಬಾಯಾರದು. ರಂಗೋಲಿರೀ ಇದು! ನಿಮ್ಮ ಕಬ್ಬಣ ಅಂದ್ರ ಅರಿಷಿಣ ಕುಂಕಮ. ಲೇ, ಇಳೀರಲೇ ಕೆಳಗ, ಇಲ್ಲಿ ಬಂದ ನೋಡ್ರಲೇ! ಅರಿಷಿಣ ಕುಂಕಮ ಬಿಡೂ ಕಲ್ಲು ಮಾರೇನಂತ ನಾನು! ಖರೇನ ಇಂಥಾ ಕಲ್ಲ ಸಿಕ್ರ, ಸಾವಕಾರ್ರ, ಈ ಅಡ್ಡೆ ಮುಚ್ಚಿ ಗುಡಿ ಮುಂದ ಕಾಯಿ ಕರ್ಪೂರದ ಅಂಗಡಿ ಇಡತೇನಿ!"

ವೀರೇಶ ಪೊಟ್ಟಣದ ಕಡೆಗೆ ಬಗ್ಗಿ ನೋಡಿದ. ಮೊದಲು ಕಿವಿಗಳು ಬಿಸಿಯಾದವು. ಸಾಲಾಗಿ ನಿಂತ ಆಳುಗಳು, ಅವರ ಬಿಳಿ ಧೂಳಿನ ಮುಖಗಳಲ್ಲಿ ಹಲ್ಲು, ಮೇಜಿನ ಮೇಲೆ ಪತ್ರಿಕೆಯ ತುಂಡಿನಲ್ಲಿ ತನ್ನ ಸಾಕ್ಷ್ಯ. ಬಿಳಿಯ ಮೇಲೆ ಬಿಳಿ. ಅವಳು ನಿಲ್ಲಿಸಿರಲೇ ಇಲ್ಲ. ಅವನು ಸ್ನಾನಕ್ಕೂ ಪೂಜೆಗೂ ಒಳಗಿದ್ದ ಹೊತ್ತಿನಲ್ಲಿ ನೀರು ಚಿಮುಕಿಸಿ, ತೊಯ್ದು ಕಪ್ಪಾದ ಕಲ್ಲಿನ ಮೇಲೆ ಹಾಕಿ ಮುಗಿಸಿ, ಕಲ್ಲಿಗೆ ಕಲೆಯಾಗದಂತೆ ಅರಿಷಿಣ ಕುಂಕುಮವನ್ನು ರಂಗೋಲಿ ಪುಡಿಯ ಮೇಲಷ್ಟೇ ಉದುರಿಸಿ, ತಾನೊಬ್ಬಳೇ ಅದನ್ನು ಕಂಡು ಒಳಗೆ ಹೋಗಿರಬೇಕು. ಬಿಸಿಲು ಕಲ್ಲನ್ನು ಒಣಗಿಸಿ ಗೆರೆಗಳನ್ನು ನುಂಗಿದ ಮೇಲೆ ಅವನು ಬಂದು, ಹಗುರಾದ ತಲೆಯಲ್ಲಿ, ಅಕ್ಕರೆಯಿಂದ, ಒಂದೂ ಬಿಡದಂತೆ ಗುಡಿಸಿದ್ದ. ಎಣ್ಣೆ, ಚಹಾ, ದಾಳಿಂಬೆಯ ರಸ, ತನ್ನ ಉಗುಳು ಸಹ. ಮಾಳಿಗೆಯ ಮೇಲಿನ ಅಷ್ಟೂ ಪರೀಕ್ಷೆಗಳಲ್ಲಿ ಒಂದು ಚಿಟಿಕೆ ರಂಗೋಲಿಯನ್ನು ಮಾತ್ರ ಅವನು ಉದುರಿಸಿರಲಿಲ್ಲ. ಯಾವ ಬಿಳಿಯನ್ನು ಅವನು ಅಷ್ಟು ಕಷ್ಟಪಟ್ಟು ಆರಿಸಿದ್ದನೋ ಅದು ಜಗತ್ತಿನ ಎಲ್ಲ ಕಲೆಗಳನ್ನೂ ತೋರಿಸುವಂಥದು, ಅವಳ ಗೆರೆಯೊಂದನ್ನು ಬಿಟ್ಟು. ಇದು ನಾಚಿಕೆ ಪಡಬೇಕಾದ ಸಂಗತಿಯೆಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ನಾಚಿಕೆ ಹೊರಟೂ ಬಂದಿತ್ತು. ಆದರೆ ಗಂಟಲಿಗೆ ಬರುವಷ್ಟರಲ್ಲಿ ಅದು ದಾರಿ ತಪ್ಪಿ ನಗುವಾಗಿಬಿಟ್ಟಿತು. ಮುಂಜಾನೆಯಿಂದ, ಅಲ್ಲ, ಕಲ್ಲು ಹಾಸಿದಂದಿನಿಂದ ತುಟಿಯ ತುದಿಯಲ್ಲಿ ಎಳೆದು ಹಿಡಿದಿದ್ದ ಎಲ್ಲವೂ ಒಮ್ಮೆಲೇ ಹೊರಬಿದ್ದಿತು. ಕಾಳಪ್ಪ ತಾನು ನಗುವುದನ್ನು ನಿಲ್ಲಿಸಿ, "ಆರಾಮ ಅದೀರಿಲ್ಲೋ?" ಎಂದು ಕೇಳಿದ. ವೀರೇಶ ಕಣ್ಣೊರೆಸಿಕೊಂಡು, ಪೊಟ್ಟಣವನ್ನು ಮೊದಲಿಗಿಂತ ಜೋಪಾನವಾಗಿ ಮತ್ತೆ ಕಟ್ಟಿ, ಎದೆಯ ಕಿಸೆಗೆ ಇಟ್ಟುಕೊಂಡ.

ಹಿಂದಿರುಗುವ ಬಸ್ಸಿನಲ್ಲಿ ಅವನು ನಿಂತಿದ್ದ. ನಿಂತದ್ದು ಗಮನಕ್ಕೆ ಬರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನಿಗೊಂದು ಸೈಕಲ್ಲಿತ್ತು. ಮುಂಜಾನೆ ನೇಕಾರರ ಸಂಘಕ್ಕೆ ಲೆಕ್ಕ ಬರೆಯಲು ಹೊರಡುವಾಗ ಅದನ್ನು ಪಡಸಾಲೆಯಿಂದ ನೇರವಾಗಿ ಇಳಿಸಿ, ಹೊಸ್ತಿಲ ಮುಂದಿನ ರಂಗೋಲಿಯ ನಡುವೆ ಹಾಯಿಸಿಕೊಂಡು ಓಣಿಗೆ ಹೋಗುತ್ತಿದ್ದ. ಟೈರಿಗೆ ಹತ್ತಿದ ಪುಡಿ, ಚಕ್ರ ಒಂದು ಸುತ್ತು ತಿರುಗಿದಾಗಲೊಮ್ಮೆ ನೆಲದ ಮೇಲೆ ಒಂದು ಬಿಳಿ ಗುರುತು ಬಿಡುತ್ತಿತ್ತು. ಗುರುತಿನಿಂದ ಗುರುತಿಗಿರುವ ಅಂತರ ಚಕ್ರದ ಪರಿಧಿ ಎಂದು ಅವನೇ ಒಮ್ಮೆ ಹಿಂದಿರುಗಿ ನೋಡಿ ಲೆಕ್ಕ ಕಟ್ಟಿ, ಆ ಶೋಧಕ್ಕೆ ದಿನವಿಡೀ ಉಲ್ಲಸಿತನಾಗಿದ್ದ. ಓಣಿಯವರು ನಗುತ್ತಿದ್ದರು: ರತ್ನಾಬಾಯಿಯ ಗಂಡ ಎತ್ತ ಹೋದನೆಂದು ಕೇಳಬೇಕಾಗಿಲ್ಲ, ಬಿಳಿ ಚುಕ್ಕೆ ಹಿಡಿದು ಹೋದರೆ ಸಿಗುತ್ತಾನೆ. ಹತ್ತೊಂಬತ್ತರ ರತ್ನಾಬಾಯಿ ಆಗ ಪುಡಿಯ ಬಟ್ಟಲನ್ನು ಕೈಯಲ್ಲಿ ಹಿಡಿದು ಕಂಬಕ್ಕೆ ಒರಗಿ ನಿಂತಿರುತ್ತಿದ್ದಳು. ಪರಿಧಿಯನ್ನು ಅಳೆದವನು ಆ ಮುಖವನ್ನು ನೋಡಿರಲಿಲ್ಲ. ಈಗ ಎಷ್ಟು ನೆನೆದರೂ ಬಟ್ಟಲು ಬರುತ್ತಿತ್ತು, ಕಂಬ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಅವನ ಎದೆಯಲ್ಲಿ ಏನೋ ಚುಚ್ಚಿತು, ಮತ್ತು ಆ ಚುಚ್ಚಿದ ಕಡೆಯಿಂದಲೇ ಮತ್ತೆ ನಗು ಬಂದಿತು. ಕಂಡಕ್ಟರ್, "ಯಾಕ್ರಿ ಯಜಮಾನ್ರ, ಬಸ್ ಕಚಗುಳಿ ಇಡತೈತೇನ?" ಎಂದು ಕೇಳಿ ಮುಂದೆ ಹೋದ. ಹುನಗುಂದದ ನಂತರ ಅವನಿಗೆ ಸೀಲರಿನ ನೆನಪಾಯಿತು. ಜನ್ಮದಾಗ ತಿರಗೂದಿಲ್ಲ ಎಂದಿದ್ದ ತನ್ನ ಮಾತೂ ನೆನಪಾಯಿತು. ತೊಯ್ದಾಗ ಕಲ್ಲು ಕಪ್ಪಾಗದಿದ್ದರೆ ಅವಳ ಗೆರೆ ಅವಳಿಗೂ ಇನ್ನೆಂದೂ ಕಾಣುವುದಿಲ್ಲ. ಜಲಾಲುದ್ದೀನ ಹೇಳಿದ ಹೊತ್ತಿಗೆ ಬರುವ ಗೌಂಡಿ. ಜಿಲ್ಲೆಯಲ್ಲೇ ಅಪರೂಪದ ಆ ಗುಣಕ್ಕಾಗಿಯೇ ಅವನನ್ನು ಆರಿಸಿದ್ದು. ಈಗ ಅವನು ಕುಂಚ ಅದ್ದಿರಬಹುದು. ಇಳಕಲ್ಲಿನಲ್ಲಿ ಇಳಿದವನೇ ವೀರೇಶ ಓಡಿದ. ಅವನು ಓಡುವುದನ್ನು ಊರು ನೋಡಿರಲಿಲ್ಲ. ಅಂಗಡಿಗಳಲ್ಲಿ ಕುಳಿತವರು ಯಾರಿಗೋ ಏನೋ ಆಗಿರಬೇಕೆಂದು ಎದ್ದು ನಿಂತರು.

ಜಲಾಲುದ್ದೀನ ಕುಂಚ ಅದ್ದಿರಲಿಲ್ಲ. ಬಾಗಿಲ ಕಟ್ಟೆಯ ಮೇಲೆ ಕುಳಿತು ರತ್ನಾಬಾಯಿ ಕೊಟ್ಟ ಚಹಾ ಕುಡಿಯುತ್ತಿದ್ದ. ಡಬ್ಬಿಯ ಮುಚ್ಚಳ ಮಾತ್ರ ತೆರೆದಿತ್ತು, ಅಂಗಳಕ್ಕೆಲ್ಲ ಘಾಟು ಹಬ್ಬಿತ್ತು. ಎದುರು ಕಟ್ಟೆಯ ಮೇಲೆ ದಸ್ತಗೀರಬಿ ಕಪ್ಪು ಚಷ್ಮಾ ಏರಿಸಿ ಉಸ್ತುವಾರಿಗೆ ಕುಳಿತಿದ್ದಳು.

"ಮುಚ್ಚಳಾ ಹಾಕು," ಎಂದ ವೀರೇಶ ಏದುಸಿರಿನಲ್ಲಿ.

"ಯಾಕ್ರಿ ಸಾವಕಾರ್ರ, ಕಲ್ಲ ಕೆಟ್ಟಾವಂತೇನ?"

"ಕಲ್ಲ ಭೇಷ ಅದಾವು. ಮುಚ್ಚಳಾ ಹಾಕು."

"ಸೀಲರ್ ಇಲ್ಲಂದ್ರ ಎಣ್ಣಿ ಕೂಡತೈತಿ, ಅರಿಷಿಣ ಕೂಡತೈತಿ. ಒಂದ ಮಳಿಗಾಲ ಆದ್ಮ್ಯಾಲ ಬಂದ ನೋಡ್ರಿ, ಅಂಗಳ ಅಲ್ಲ, ಮಸಾಲಿ ಡಬ್ಬಿ ಆಗಿರತೈತಿ. ಆಮ್ಯಾಲ ನನ್ನ ಬೈಯಬ್ಯಾಡ್ರಿ."

"ಬೈಯೂದಿಲ್ಲ."

ರತ್ನಾಬಾಯಿ ಬಾಗಿಲಿಗೆ ಬಂದಳು. ಅವನು ಎದೆಯ ಕಿಸೆಯಿಂದ ಪೊಟ್ಟಣ ತೆಗೆದು ಅವಳ ಕೈಗೆ ಕೊಟ್ಟ. ಅವಳು ಬಿಚ್ಚಿ ನೋಡಿದಳು, ತಲೆಯೆತ್ತಲಿಲ್ಲ. ಆದರೆ ಮೂಗುತಿ ಅಲುಗಿತು.

"ಕಾಳಪ್ಪ ಏನಂದಾ?"

"ಕಾಯಿ ಕರ್ಪೂರದ ಅಂಗಡಿ ಇಡತೇನಿ ಅಂದ." ಅವನು ಉಸಿರು ತೆಗೆದುಕೊಂಡ. "ದಿನಾ ನಾ ಕಸಬರಗಿ ಹಿಡದ ಬಳೀತಿದ್ನೆಲ್ಲ. ನೋಡಿನೂ ನೀ ಯಾಕ ಹೇಳಲಿಲ್ಲ?"

ಅವಳು ಪೊಟ್ಟಣವನ್ನು ಮತ್ತೆ ಮಡಚಿದಳು. "ಏನ್ ಹೇಳೂದ್ರಿ? ಮೊದಲ ತುಳೀತಿದ್ರಿ, ಈಗ ಬಳೀತೀರಿ. ಬಳಿಯೂ ಮುಂದ ಬಗ್ಗೂದರ ಬಗ್ಗತೀರಿ."

ಜಲಾಲುದ್ದೀನ ಚಹಾ ಕುಡಿಯುವುದನ್ನು ನಿಲ್ಲಿಸಿ ಬಟ್ಟಲಿನ ತಳವನ್ನು ಪರೀಕ್ಷಿಸತೊಡಗಿದ. ವೀರೇಶ ಒಳಗೆ ಹೋದ, ಎರಡು ಕೊಡ ನೀರು ತುಂಬಿಕೊಂಡು ಬಂದ, ಒಂದನ್ನು ನಡು ಅಂಗಳದಲ್ಲಿ ಸುರಿದ. ಕಲ್ಲು ನೀರನ್ನು ಕುಡಿಯಿತು. ಕೆನೆಬಣ್ಣ ಹೋಗಿ, ಬೂದಿಯಾಗಿ, ಬೂದಿ ಹೋಗಿ ಮಳೆಮೋಡದ ಕಪ್ಪಾಗಿ, ಆ ಕಪ್ಪು ಅವನ ಪಾದಗಳ ಸುತ್ತ ಹರಡುತ್ತ ಹೋಯಿತು.

"ಹಾಕು," ಎಂದ.

"ಹುಚ್ಚೇನ್ರಿ ನಿಮಗ? ಈ ಹೊತ್ತಿನ್ಯಾಗ ಯಾರರ ಹಾಕ್ತಾರ? ಜನಾ ನಗತಾರ."

"ನಕ್ಕಾರ. ಬಾಗಲಕೋಟಿ ತನಕ ನಕ್ಕಾರ. ಹಾಕು, ನಾ ನೋಡಬೇಕು."

"ಹಾಕು ರತ್ನಕ್ಕಾ!" ಎಂದು ದಸ್ತಗೀರಬಿ ಕೂಗಿದಳು. "ಅಣ್ಣಗ ಬಿಸಲ ತಲಿಗೆ ಏರೈತಿ. ಇಳಿಯೂದರಾಗ ಹಾಕಿಬಿಡು!"

ರತ್ನಾಬಾಯಿ ಬಟ್ಟಲು ತಂದು, ಸೆರಗು ಬಿಗಿದು, ಬಗ್ಗಿದಳು. "ಹದಿನೈದ ಚುಕ್ಕಿ, ಎಂಟಕ್ಕ ಮುಗಿಯೂದು," ಎಂದು ತನಗೇ ಹೇಳಿಕೊಂಡಳು. ಬೆರಳುಗಳ ಸಂದಿನಿಂದ ಚುಕ್ಕಿಗಳು ಬಿದ್ದವು: ನಡುವೆ ಹದಿನೈದು, ಅದರ ಮೇಲೆ ಸಂದು ಬಿಟ್ಟು ಹದಿನಾಲ್ಕು, ಮೇಲೆ ಹದಿಮೂರು. ಅಳತೆಯಿಲ್ಲ, ದಾರವಿಲ್ಲ. ವೀರೇಶನ ತಲೆ ತಾನಾಗಿಯೇ ಕೂಡಿಸತೊಡಗಿತು. ಎಂಟರಿಂದ ಹದಿನಾಲ್ಕರವರೆಗೆ ಎಪ್ಪತ್ತೇಳು. ಮೇಲೊಮ್ಮೆ ಕೆಳಗೊಮ್ಮೆ, ನೂರೈವತ್ತನಾಲ್ಕು. ನಡುವಿನ ಹದಿನೈದು ಸೇರಿ ನೂರ ಅರವತ್ತೊಂಬತ್ತು. ಹದಿಮೂರರ ವರ್ಗ! ಆರು ಮೂಲೆಯ ಹೂವಿನೊಳಗೆ ಒಂದು ಪೂರ್ಣ ಚೌಕ ಬಚ್ಚಿಟ್ಟುಕೊಂಡಿದೆ, ಮತ್ತು ಅದನ್ನು ಅವನು ಎಷ್ಟೋ ಸಲ ಸೈಕಲ್ಲಿನಿಂದ ತುಳಿದಿದ್ದಾನೆ. ಅವನಿಗೆ ಕೂಗಬೇಕೆನಿಸಿತು.

"ನೀರ! ನಿಂತ ಏನ್ ಎಣಸ್ತೀರಿ? ಈ ಬಾಜು ಆರಾಕತ್ತೈತಿ!"

ಆರುತ್ತಿತ್ತು. ಇಳಿಬಿಸಿಲಿಗೂ ಕಲ್ಲು ಕೆಂಡದಂತಿತ್ತು. ಕಪ್ಪಿನ ಅಂಚು ಒಳಕ್ಕೆ ಒಳಕ್ಕೆ ಸರಿಯುತ್ತಿತ್ತು, ಅಂಚು ಮುಟ್ಟಿದ ಚುಕ್ಕಿಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಅವನು ಕೊಡ ಎತ್ತಿ ಓಡಿದ. ಅವಳು ಗೆರೆ ಎಳೆಯುವ ಮುಂದೆ ಮುಂದೆ ತೆಳ್ಳಗೆ ನೀರು ಬಿಡಬೇಕು, ಪುಡಿ ಹರಿಯಬಾರದು, ಕಲ್ಲು ಆರಬಾರದು. ನೀರು ನಿಲ್ಲುತ್ತಲೇ ಇರಲಿಲ್ಲ. ಕಣ್ಣಿಗೆ ಕಾಣದಂತೆ ಅವನೇ ಲೆಕ್ಕ ಹಾಕಿ ಕೊಡಿಸಿದ ಇಳಿಜಾರು ಅದನ್ನು ಹನಿ ಉಳಿಸದೆ ಗಟಾರಕ್ಕೆ ಒಯ್ಯುತ್ತಿತ್ತು. ತನ್ನ ಲೆಕ್ಕ ಅಷ್ಟು ಸರಿಯಾಗಿದ್ದುದಕ್ಕೆ ಅವನು ಮೊದಲ ಸಲ ತನ್ನನ್ನು ಬೈದುಕೊಂಡ. "ಅಲ್ಲಲ್ಲ, ಇಲ್ಲಿ! ಕಾಲ ತಗೀರಿ! ಮೆಲ್ಲಕ, ಮೆಲ್ಲಕಂದ್ರ!" ಎಂದು ಅವಳು ಬಗ್ಗಿದಲ್ಲಿಂದಲೇ ಕೂಗಿದಳು; ಆ ಧ್ವನಿಯಲ್ಲಿ ಅವನು ಎಂದೂ ಕೇಳದ ಅಧಿಕಾರವಿತ್ತು. ಕೊಡ ಖಾಲಿಯಾದಾಗ ಜಲಾಲುದ್ದೀನ ಬೈಯುತ್ತ ಎದ್ದು ನಲ್ಲಿಯಿಂದ ಬಕೀಟು ತುಂಬಿ ಕೊಟ್ಟ. ದಸ್ತಗೀರಬಿ ಆ ಕಡೆಯಿಂದ "ಮೂಲಿ ಹೋತು, ಮೂಲಿ ಹೋತು!" ಎಂದು ಸೂಚನೆ ಕೊಡುತ್ತಿದ್ದಳು. ವೀರೇಶ ಮೊಣಕಾಲಿನವರೆಗೆ ತೊಯ್ದು, ಏದುಸಿರು ಬಿಡುತ್ತ, ಬಿಸಿಲಿನ ಮುಂದೆ ಓಡಿದ. ಕಾಲ ಕೆಳಗೆ ಕಪ್ಪು ಆಕಾಶ, ಅದರ ತುಂಬ ಬಿಳಿ ಗೆರೆಗಳ ಸುಳಿ. ತಾನು ಯಾವ ಕಡೆ ನಿಂತಿದ್ದೇನೆ, ಮೇಲೋ ಕೆಳಗೋ ಎಂಬುದೂ ತಪ್ಪಿಹೋಯಿತು. ಒಮ್ಮೆ ಬಕೀಟು ಎತ್ತಿ ತಿರುಗಿದಾಗ ಅವಳು ತಲೆಯೆತ್ತಿ ಅವನನ್ನು ನೋಡಿ ನಗುತ್ತಿದ್ದಳು, ಹಣೆಯ ಮೇಲೆ ಪುಡಿ, ಬಾಯಿ ತೆರೆದು. ಕಂಬಕ್ಕೆ ಒರಗಿದವಳ ಮುಖ ಅವನಿಗೆ ಅಲ್ಲಿ ಸಿಕ್ಕಿತು.

ಕೊನೆಯ ಗೆರೆ ಕೂಡಿತು. ಒಂದು ಗಳಿಗೆ ಅದು ಪೂರ್ಣವಾಗಿ ನಿಂತಿತ್ತು. ರತ್ನಾಬಾಯಿ ನಡುವೆ ಬರಿಗಲ್ಲಿನ ಮೇಲೆಯೇ ಅರಿಷಿಣದ ಒಂದು ಚಿಟಿಕೆ ಇಡಲು ಕೈ ಚಾಚಿ, ತಡೆದು, ಅವನ ಕಡೆ ನೋಡಿದಳು. ಒದ್ದೆ ಸುಣ್ಣಗಲ್ಲು, ಸೀಲರಿಲ್ಲ, ಬಿದ್ದರೆ ಹೋಗದ ಕಲೆ. ಮಾಳಿಗೆಯ ಮೇಲಿನ ತುಂಡುಗಳೆಲ್ಲ ಅವನ ಕಣ್ಣ ಮುಂದೆ ಬಂದವು.

"ಇಡು," ಎಂದ.

ಇಟ್ಟಳು. ಆಮೇಲೆ ಯಾರೂ ನೀರು ಹಾಕಲಿಲ್ಲ. ಅಂಚಿನಿಂದ ಬಿಳುಪು ಮೆಲ್ಲನೆ ಒಳಗೆ ಬಂದಿತು. ಎಸಳುಗಳು ಹೋದವು, ಬಳ್ಳಿಗಳು ಹೋದವು, ಕೊನೆಗೆ ಅಂಗಳ ಮುಂಜಾನೆ ಇದ್ದಂತೆ ಖಾಲಿಯಾಗಿ, ಉದ್ದವಾಗಿ, ನಡುವೆ ಒಂದೇ ಒಂದು ಹಳದಿ ಬೊಟ್ಟಿಟ್ಟುಕೊಂಡು ಉಳಿಯಿತು.

ವೀರೇಶ ಸೀಲರಿನ ಡಬ್ಬಿಯನ್ನು ಎತ್ತಿಕೊಂಡು ಜಲಾಲುದ್ದೀನನ ಗಾಡಿಗೆ ಇಡಲು ಹೊರಟ. ಹೊಸ್ತಿಲಿನಿಂದ ಓಣಿಯ ಬಾಗಿಲಿಗೆ ನೇರ ದಾರಿ ನಡು ಅಂಗಳದ ಮೇಲೆ. ಅವನು ಬಲಕ್ಕೆ ತಿರುಗಿ, ಗೋಡೆಗೆ ಬೆನ್ನು ಹಚ್ಚಿ, ಅಡ್ಡಡ್ಡ ಹೆಜ್ಜೆ ಹಾಕುತ್ತ, ಮೂಲೆ ಸುತ್ತಿ ನಡೆದ.

"ನಡುವ ಹೋಗ್ರಲ್ಲ, ಅಲ್ಲೇನೂ ಇಲ್ಲ," ಎಂದ ಜಲಾಲುದ್ದೀನ.

"ಐತಿ."

ಜಲಾಲುದ್ದೀನ ಬಿಳಿ ಅಂಗಳವನ್ನು ನೋಡಿದ, ಬಾಗಿಲಲ್ಲಿ ನಿಂತ ರತ್ನಾಬಾಯಿಯನ್ನು ನೋಡಿದ, ಒಂದು ಕಾಲನ್ನು ಮುಂದಿಟ್ಟು ಹಿಂದಕ್ಕೆ ತೆಗೆದುಕೊಂಡ. "ಎಲ್ಲಿ ಮಟ ಐತ್ರಿ ಅದು?"

"ಗ್ವಾಡಿ ಹಿಡದ ಬಾ," ಎಂದ ವೀರೇಶ.

ಗೌಂಡಿ ಕುಂಚವನ್ನು ಬಾಯಲ್ಲಿ ಕಚ್ಚಿಕೊಂಡು, ಎರಡೂ ಅಂಗೈಗಳನ್ನು ಗೋಡೆಗೆ ಹಚ್ಚಿ, ತುದಿಗಾಲಿನಲ್ಲಿ ಅವನ ಹಿಂದೆ ಹೊರಟ.